ಮಗು ಮಳವಳ್ಳಿಯಲ್ಲಿ, ವರದಿ ಮಂಡ್ಯದಲ್ಲಿ: ನವಜಾತ ಶಿಶು ತಪಾಸಣೆಗೆ ಹಂಚಿಕೊಂಡ ದಾಖಲೆ ಏಕೆ ಬೇಕು?

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಅನುವಂಶೀಯತೆಯ ಪಾಠದಲ್ಲಿ ಫಿನೈಲ್‌ಕೀಟೋನೂರಿಯಾ ಎಂಬ ಕಾಯಿಲೆಯ ಹೆಸರು ಬರುತ್ತದೆ. ಒಂದು ಕಿಣ್ವದ ಕೊರತೆಯಿಂದ ಫಿನೈಲ್‌ಅಲನಿನ್ ದೇಹದಲ್ಲಿ ಶೇಖರವಾಗಿ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಈ ಕಾಯಿಲೆ ಇರುವ ಮಗು ಹುಟ್ಟಿದ ದಿನ ಹೇಗಿರುತ್ತದೆ? ಬೇರೆಲ್ಲ ಮಕ್ಕಳಂತೆಯೇ ಇರುತ್ತದೆ. ಅಳುತ್ತದೆ, ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ. ತೊಂದರೆ ಕಣ್ಣಿಗೆ ಕಾಣುವ ಹೊತ್ತಿಗೆ ಮಿದುಳಿಗೆ ಹಾನಿ ಆಗಿಬಿಟ್ಟಿರುತ್ತದೆ.

ಹೀಗೆ ಹುಟ್ಟುವಾಗ ಅಡಗಿರುವ, ಬೇಗ ಗೊತ್ತಾದರೆ ತಡೆಯಬಹುದಾದ ತೊಂದರೆಗಳನ್ನು ಹುಡುಕಲು, ಲಕ್ಷಣ ಇದ್ದರೂ ಇಲ್ಲದಿದ್ದರೂ ಎಲ್ಲ ಶಿಶುಗಳಿಗೂ ಮಾಡುವ ಪರೀಕ್ಷೆಗಳೇ ನವಜಾತ ಶಿಶು ತಪಾಸಣೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ ಎಂಬ ವಿಜ್ಞಾನಿ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು, ಸೋಸುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ವಿಧಾನ ರೂಪಿಸಿದರು. ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. 1980ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ಸುಮಾರು ಒಂದು ಲಕ್ಷ ಶಿಶುಗಳ ರಕ್ತವನ್ನು ಹೀಗೆ ಪರೀಕ್ಷಿಸಿದ್ದರು.

ಪರೀಕ್ಷೆಗೂ ಒಂದು ಗಡುವು

ಈ ಪರೀಕ್ಷೆಗಳಲ್ಲಿ ನಾಲ್ಕನ್ನು ತಿಳಿದುಕೊಳ್ಳೋಣ.

ಮೊದಲನೆಯದು ಹಿಮ್ಮಡಿಯ ರಕ್ತಪರೀಕ್ಷೆ. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಮಕ್ಕಳನ್ನು ಇದು ಪತ್ತೆ ಮಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 1,130 ಮಕ್ಕಳಲ್ಲಿ ಒಬ್ಬರಿಗೆ ಈ ತೊಂದರೆ ಕಂಡುಬಂದಿತು. ಚಿಕಿತ್ಸೆ ದುಬಾರಿಯಲ್ಲ. ದಿನಕ್ಕೊಂದು ಸಣ್ಣ ಮಾತ್ರೆಯನ್ನು ಪುಡಿ ಮಾಡಿ ಎದೆಹಾಲಿನಲ್ಲಿ ಕಲಸಿ ಕುಡಿಸಿದರೆ ಸಾಕು. ಆದರೆ ಅದು ಹುಟ್ಟಿದ ಎರಡು ವಾರದೊಳಗೆ ಶುರುವಾಗಬೇಕು.

ಎರಡನೆಯದು ಕಿವಿಯ ಪರೀಕ್ಷೆ. ಮಲಗಿರುವ ಮಗುವಿನ ಕಿವಿಯಲ್ಲಿ ಚಿಕ್ಕ ಉಪಕರಣ ಇಟ್ಟು ಸಣ್ಣ ಶಬ್ದ ಕೇಳಿಸಿ, ಒಳಕಿವಿಯ ಪ್ರತಿಕ್ರಿಯೆ ನೋಡುತ್ತಾರೆ. ಇದಕ್ಕೆ ಜಗತ್ತಿನಾದ್ಯಂತ ಬಳಸುವ ಲೆಕ್ಕ 1–3–6. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ.

ಮೂರನೆಯದು ಪಲ್ಸ್ ಆಕ್ಸಿಮೀಟರ್ ಪರೀಕ್ಷೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಹಾಕಿಕೊಂಡಿದ್ದ ಸಾಧನದಂಥದ್ದೇ. ಮಗುವಿನ ಬಲಗೈ ಮತ್ತು ಕಾಲಿನಲ್ಲಿ ಆಮ್ಲಜನಕದ ಪ್ರಮಾಣ ಅಳೆದು, ಕಡಿಮೆ ಇದ್ದರೆ ಅಥವಾ ಎರಡರ ನಡುವೆ ಹೆಚ್ಚು ವ್ಯತ್ಯಾಸ ಇದ್ದರೆ ಹೃದಯದ ದೋಷ ಇದೆಯೇ ಎಂದು ನೋಡುತ್ತಾರೆ.

ನಾಲ್ಕನೆಯದು ದಿನ ತುಂಬುವ ಮೊದಲೇ ಅಥವಾ ತೀರಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಕಣ್ಣಿನ ಪರೀಕ್ಷೆ. ಇವರ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿ ಹೋಗುವ ಅಪಾಯವಿದೆ. ಮೊದಲ ಪರೀಕ್ಷೆ ಮೂವತ್ತು ದಿನದೊಳಗೆ ಆಗಬೇಕು, ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ.

ಮಾತ್ರೆಗೆ ಎರಡು ವಾರ, ಕಣ್ಣಿಗೆ ಮೂವತ್ತು ದಿನ, ಕಿವಿಗೆ ಆರು ತಿಂಗಳು. ಈ ದಿನಗಳಲ್ಲಿ ಮಗು ಎಲ್ಲಿರುತ್ತದೆ ಎಂಬುದೇ ನಮ್ಮ ಕಡೆಯ ಮುಖ್ಯ ಪ್ರಶ್ನೆ.

ಮದ್ದೂರು, ಮಳವಳ್ಳಿ, ಮಂಡ್ಯ

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಮದ್ದೂರಿಗೆ ಮದುವೆಯಾಗಿ ಹೋದ ಹೆಣ್ಣುಮಗಳು. ಗರ್ಭಿಣಿಯಾದಾಗ ತಾಯಿ ಕಾರ್ಡ್ ಆಗಿದ್ದು ಮದ್ದೂರಿನಲ್ಲಿ. ಏಳನೇ ತಿಂಗಳಿಗೆ ತವರುಮನೆಯವರು ಮಳವಳ್ಳಿಗೆ ಕರೆದುಕೊಂಡು ಬಂದರು. ಹೆರಿಗೆ ಕಷ್ಟ ಎಂದಾಗ ಅಲ್ಲಿಂದ ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸಿದರು. ಮಗು ಅಲ್ಲಿ ಹುಟ್ಟಿತು. ಕಿವಿಯ ಪರೀಕ್ಷೆಯಲ್ಲಿ ಒಂದು ಕಿವಿ ಸರಿಯಾಗಿ ಪ್ರತಿಕ್ರಿಯಿಸಲಿಲ್ಲ. ‘ತಿಂಗಳು ಬಿಟ್ಟು ಮತ್ತೆ ತೋರಿಸಿ’ ಎಂದು ಚೀಟಿ ಬರೆದುಕೊಟ್ಟರು.

ಆ ಚೀಟಿ ಡಿಸ್ಚಾರ್ಜ್ ಕಾಗದಗಳ ಜೊತೆ ಪ್ಲಾಸ್ಟಿಕ್ ಕವರಿಗೆ ಸೇರಿ, ಮಳವಳ್ಳಿಯ ಮನೆಯ ಬೀರುವಿಗೆ ಹೋಯಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬಂದು ನೋಡಬೇಕೆಂಬ ನಿಯಮವಿದೆ. ಮಳವಳ್ಳಿಯ ಆಶಾ ಬಂದು ತೂಕ ನೋಡಿದರು. ಆ ಚೀಟಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಬಾಣಂತನ ಮುಗಿಸಿ ಐದನೇ ತಿಂಗಳಲ್ಲಿ ತಾಯಿ ಮಗು ಮದ್ದೂರಿಗೆ ಬಂದರು. ಅಲ್ಲಿನ ಆಶಾ, ಎಲ್ಲಾ ಮಂಡ್ಯದಲ್ಲೇ ಆಗಿದೆ ಎಂದುಕೊಂಡರು. ಎರಡೂವರೆ ವರ್ಷವಾದರೂ ಮಗು ಮಾತಾಡದಿದ್ದಾಗ ಅಜ್ಜಿ, ‘ಅವರಪ್ಪನೂ ತಡವಾಗಿಯೇ ಮಾತು ಕಲಿತಿದ್ದು’ ಎಂದು ಸಮಾಧಾನ ಹೇಳಿದರು.

ಇಲ್ಲಿ ಯಾರದೂ ತಪ್ಪಿಲ್ಲ. ಪರೀಕ್ಷೆ ಆಗಿತ್ತು, ಫಲಿತಾಂಶವೂ ಇತ್ತು. ಮಗು ಮೂರು ಊರು ಸುತ್ತಿತು, ಫಲಿತಾಂಶ ಅದರ ಹಿಂದೆ ಹೋಗಲಿಲ್ಲ. ಹಂಚಿಕೊಂಡ ವಿದ್ಯುನ್ಮಾನ ಆರೋಗ್ಯ ದಾಖಲೆ ತುಂಬಬೇಕಾದದ್ದು ಈ ಜಾಗವನ್ನು.

ದಾಖಲೆ ಹಂಚಿಕೊಳ್ಳುವುದೆಂದರೆ

ಎಲ್ಲರ ಮಾಹಿತಿಯನ್ನು ಒಂದೇ ದೊಡ್ಡ ಕಂಪ್ಯೂಟರಿಗೆ ತುಂಬುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ದಾಖಲೆ ಅದು ಹುಟ್ಟಿದ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಪ್ರತಿಯೊಬ್ಬರಿಗೂ ಆಭಾ ಎಂಬ 14 ಅಂಕಿಗಳ ಸಂಖ್ಯೆ ಇರುತ್ತದೆ. ಬೇರೆ ಆಸ್ಪತ್ರೆಯ ವೈದ್ಯರು ದಾಖಲೆ ಕೇಳಿದಾಗ ನಮ್ಮ ಮೊಬೈಲಿಗೆ ಕೋರಿಕೆ ಬರುತ್ತದೆ. ನಾವು ಒಪ್ಪಿದರೆ ಮಾತ್ರ, ಒಪ್ಪಿದಷ್ಟು ಕಾಲ ಮಾತ್ರ, ಅದು ಅವರಿಗೆ ಕಾಣುತ್ತದೆ. ಚಿಕ್ಕ ಮಕ್ಕಳ ಪರವಾಗಿ ತಂದೆ ತಾಯಿ ಈ ಸಂಖ್ಯೆ ಮಾಡಿಸಬಹುದು. ಇದು ಕಡ್ಡಾಯವಲ್ಲ.

ತಪಾಸಣೆಯ ದೃಷ್ಟಿಯಿಂದ ಇಂಥ ದಾಖಲೆಯ ದೊಡ್ಡ ಉಪಯೋಗ ಬೇರೆಯೇ ಇದೆ. ಕಾಗದದ ಫೈಲು ಬಂದವರನ್ನಷ್ಟೇ ತೋರಿಸುತ್ತದೆ. ಸರಿಯಾಗಿ ಜೋಡಿಸಿದ ಕಂಪ್ಯೂಟರ್ ದಾಖಲೆ ಬರದೇ ಇದ್ದವರನ್ನೂ ತೋರಿಸಬಲ್ಲದು. ‘ಈ ಮಗು ಮರುಪರೀಕ್ಷೆಗೆ ಬರಬೇಕಿತ್ತು, ಗಡುವು ಮುಗಿಯಲು ಹತ್ತು ದಿನ ಉಳಿದಿದೆ’ ಎಂಬ ಪಟ್ಟಿ ಮಳವಳ್ಳಿಯ ಆಶಾ ಅವರ ಫೋನಿಗೆ ಹೋದರೆ ಆ ಚೀಟಿ ಬೀರುವಿನಲ್ಲಿ ಉಳಿಯುವುದಿಲ್ಲ.

ಕರ್ನಾಟಕದಲ್ಲೇ ನಡೆದದ್ದು

ಇದು ಬರೀ ಕನಸಲ್ಲ ಎನ್ನಲು ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ದಿನ ತುಂಬದೆ ಹುಟ್ಟಿದ ಶಿಶುಗಳ ಕಣ್ಣು ಪರೀಕ್ಷಿಸುವ ತಜ್ಞರು ತೀರಾ ಕಡಿಮೆ, ಅವರೂ ದೊಡ್ಡ ನಗರಗಳಲ್ಲಿದ್ದಾರೆ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ ಕಿಡ್‌ರಾಪ್ ಎಂಬ ಯೋಜನೆ ಶುರುವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು, ನಿಗದಿತ ದಿನ ಜಿಲ್ಲೆಗಳ ಶಿಶು ಆರೈಕೆ ಘಟಕಗಳಿಗೆ ಹೋಗುತ್ತಾರೆ. ಅಕ್ಷಿಪಟಲದ ಚಿತ್ರ ತೆಗೆದು ಇಂಟರ್ನೆಟ್ ಮೂಲಕ ಕಳಿಸುತ್ತಾರೆ. ತಜ್ಞರು ತಮ್ಮ ಫೋನಿನಲ್ಲೇ ಚಿತ್ರ ನೋಡಿ ವರದಿ ಕೊಡುತ್ತಾರೆ. ತಂತ್ರಜ್ಞರೂ ಸ್ಥಳದಲ್ಲೇ ಕೆಂಪು, ಕಿತ್ತಳೆ, ಹಸಿರು ಎಂದು ಗುರುತು ಹಾಕುತ್ತಾರೆ. ಕೆಂಪು ಎಂದರೆ ತುರ್ತು, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರು ಎಂದರೆ ಭಯವಿಲ್ಲ. ಎರಡು ಕಿಲೋ ತೂಕವಿಲ್ಲದ ಮಗುವನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುವ ಬದಲು ಅದರ ಕಣ್ಣಿನ ಚಿತ್ರ ಬೆಂಗಳೂರಿಗೆ ಹೋಗುತ್ತದೆ.

ಕಿವಿಯ ವಿಷಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರ. ನಮ್ಮದೇ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಆ ಸಂಸ್ಥೆ ಗ್ರಾಮೀಣ ಸೇವಾ ಕೇಂದ್ರ ತೆರೆದಿದೆ. ಇದಲ್ಲದೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿದೆ. ಕೊಂಡಿಗಳು ಅಲ್ಲಲ್ಲಿ ಇವೆ, ಅವು ಒಂದು ಸರಪಳಿಯಾಗಬೇಕು.

ಕಷ್ಟಗಳೂ ಇವೆ

ಮೊದಲ ತೊಡಕು ಹೆಸರಿನದು. ಹುಟ್ಟಿದ ಮಗುವಿಗೆ ಹೆಸರೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ‘ಇಂಥವರ ಮಗು’ ಎಂದು ಬರೆಯುತ್ತಾರೆ. ಏಳನೇ ದಿನ ಅಕೀಕಾದಲ್ಲಿ ಹೆಸರಿಡುವವರಿದ್ದಾರೆ, ತಿಂಗಳುಗಳ ನಂತರ ತೊಟ್ಟಿಲ ಶಾಸ್ತ್ರದಲ್ಲಿ ಹೆಸರಿಡುವವರಿದ್ದಾರೆ. ತಾಯಿಯ ಹೆಸರೂ ಒಂದು ಕಡೆ ಆಯಿಷಾ, ಇನ್ನೊಂದು ಕಡೆ ಆಯೇಶಾ ಬಾನು. ಅವಳಿ ಮಕ್ಕಳಾದರೆ ಗೊಂದಲ ಇಮ್ಮಡಿ. ಆದ್ದರಿಂದ ಹೆಸರನ್ನು ನಂಬದೆ, ತಾಯಿ ಕಾರ್ಡಿನ ಸಂಖ್ಯೆಗೆ ಮಗುವಿನ ದಾಖಲೆಯನ್ನು ಹೆರಿಗೆ ದಿನವೇ ಜೋಡಿಸಬೇಕು.

ಎರಡನೆಯದು ಗುಟ್ಟಿನ ಭಯ. ಮಗಳಿಗೆ ಹುಟ್ಟಿನಿಂದಲೇ ಮಾತ್ರೆ ಇದೆ ಎಂಬುದು ಊರಿಗೆ ಗೊತ್ತಾದರೆ ಮುಂದೆ ಮದುವೆಗೆ ತೊಂದರೆ ಎಂದು ಹೆದರುವ ಮನೆಗಳಿವೆ. ಸಂಬಂಧದೊಳಗೆ ಮದುವೆಯಾದವರು, ಸೋದರಮಾವನನ್ನೋ ಚಿಕ್ಕಪ್ಪನ ಮಗನನ್ನೋ ಆಗಿರಲಿ, ಕೇಳಿದರೆ ಬೈಯುತ್ತಾರೇನೋ ಎಂದು ಹೇಳುವುದೇ ಇಲ್ಲ. ಈ ಭಯವನ್ನು ನಕ್ಕು ತಳ್ಳುವಂತಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ಹೆರಿಗೆ ವಾರ್ಡಿನಲ್ಲಿ ಅವಸರದಲ್ಲಿ ಕೇಳಿದ ಒಟಿಪಿಯನ್ನು ಒಪ್ಪಿಗೆ ಎನ್ನಲಾಗದು. ಯಾವ ಮಾಹಿತಿ, ಯಾರಿಗೆ, ಏಕೆ ಎಂದು ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು.

ಮೂರನೆಯದು ಎಲ್ಲಕ್ಕಿಂತ ಸರಳ. ಮಾಡದ ಪರೀಕ್ಷೆಯನ್ನು ಯಾವ ಕಂಪ್ಯೂಟರೂ ತೋರಿಸಲಾರದು. ಹಿಮ್ಮಡಿಯ ರಕ್ತಪರೀಕ್ಷೆ ಇನ್ನೂ ನಮ್ಮ ಎಲ್ಲ ಆಸ್ಪತ್ರೆಗಳಲ್ಲಿ ನಡೆಯುತ್ತಿಲ್ಲ. ಗೋವಾ 2008ರಲ್ಲೇ ಈ ಕೆಲಸ ಕೈಗೆತ್ತಿಕೊಂಡಿತ್ತು, ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲೂ ನಡೆಯುತ್ತಿದೆ.

ನಾವು ಮಾಡಬಹುದಾದದ್ದು

ನಮ್ಮಲ್ಲಿ ಬಹುತೇಕರ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಾಣಂತನಕ್ಕೆ ಬರುವುದುಂಟು. ಮೊಬೈಲ್ ಚೆನ್ನಾಗಿ ಬಳಸಲು ಬರುವವರೂ ಮನೆಯಲ್ಲಿ ನಾವೇ. ಆಸ್ಪತ್ರೆಯಿಂದ ಹೊರಡುವ ಮೊದಲು ಮೂರು ಪ್ರಶ್ನೆ ಕೇಳಬಹುದು. ಮಗುವಿಗೆ ಯಾವ ಯಾವ ಪರೀಕ್ಷೆ ಆಗಿದೆ? ಯಾವುದರ ಫಲಿತಾಂಶ ಇನ್ನೂ ಬರಬೇಕು? ಮತ್ತೆ ಯಾವ ದಿನ, ಎಲ್ಲಿಗೆ ಬರಬೇಕು? ಉತ್ತರವನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಕಾರ್ಡಿನ, ಡಿಸ್ಚಾರ್ಜ್ ಚೀಟಿಯ ಫೋಟೋ ತೆಗೆದು ಎರಡು ಮನೆಯವರ ಫೋನಿನಲ್ಲೂ ಇಡಿ. ನಿಜವಾಗಿ ಯಾರು ಕರೆ ಎತ್ತುತ್ತಾರೋ ಅವರ ನಂಬರನ್ನೇ ಆಸ್ಪತ್ರೆಗೆ ಕೊಡಿ. ತವರಿನ ಆಶಾ ಅವರಿಗೂ ಗಂಡನ ಮನೆಯ ಕಡೆಯ ಆಶಾ ಅವರಿಗೂ ಮಗು ಬಂದ ಸುದ್ದಿ ಮುಟ್ಟಿಸಿ.

ಸರಿಯಾದ ದಾಖಲೆ ವ್ಯವಸ್ಥೆ ಬರುವವರೆಗೆ ಮಂಡ್ಯದ ಆಸ್ಪತ್ರೆಗೂ ಮಳವಳ್ಳಿಯ ಮನೆಗೂ ನಡುವೆ ವರದಿಯನ್ನು ಹೊತ್ತೊಯ್ಯುವವರು ನಾವೇ. ಆ ವ್ಯವಸ್ಥೆ ಬಂದ ಮೇಲೂ, ಅದರಲ್ಲಿ ಬರೆದದ್ದನ್ನು ಓದಿ ಮಗುವನ್ನು ಎತ್ತಿಕೊಂಡು ಹೊರಡಲು ಮನೆಯಲ್ಲಿ ಒಬ್ಬರು ಬೇಕೇ ಬೇಕು.