ಗುಂಡಗಿದ್ದರೆ ಗಟ್ಟಿಮುಟ್ಟಲ್ಲ: ಮಕ್ಕಳ ಬೊಜ್ಜಿಗೆ ಬಡಾವಣೆಯ ಕ್ಲಿನಿಕ್‌ನಲ್ಲೇ ಮದ್ದು

ಮೈಕೈ ತುಂಬಿಕೊಂಡ ಮಗುವನ್ನು ಕಂಡರೆ ದೃಷ್ಟಿ ತೆಗೆಯುವ ನಾಡು ನಮ್ಮದು. ಕೆನ್ನೆ ಉಬ್ಬಿದ್ದರೆ ಆರೋಗ್ಯ, ಸಣಕಲಾಗಿದ್ದರೆ ಚಿಂತೆ ಎಂಬ ಲೆಕ್ಕಾಚಾರ ತಲೆಮಾರುಗಳಿಂದ ನಡೆದುಬಂದಿದೆ. ಆದರೆ ಈ ಲೆಕ್ಕ ಈಗ ತಪ್ಪತೊಡಗಿದೆ.

ಯುನಿಸೆಫ್ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 5ರಿಂದ 19 ವರ್ಷ ವಯೋಮಾನದಲ್ಲಿ ಬೊಜ್ಜು ಇರುವವರ ಪ್ರಮಾಣ (ಶೇ 9.4) ಜಾಗತಿಕವಾಗಿ ಮೊದಲ ಬಾರಿಗೆ ಕಡಿಮೆ ತೂಕದವರ ಪ್ರಮಾಣವನ್ನು (ಶೇ 9.2) ಮೀರಿದೆ. ದಕ್ಷಿಣ ಏಷ್ಯಾದಲ್ಲಿ ಕಡಿಮೆ ತೂಕದ ಮಕ್ಕಳೇ ಇನ್ನೂ ಹೆಚ್ಚು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಐದು ವರ್ಷದೊಳಗಿನ ಅಧಿಕ ತೂಕದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ 2.1 ಇದ್ದದ್ದು 2019-21ರ ವೇಳೆಗೆ ಶೇ 3.4ಕ್ಕೆ ಏರಿತ್ತು.

ಬೊಜ್ಜಿಗೆಂದೇ ಮಗುವನ್ನು ವೈದ್ಯರ ಬಳಿ ಕರೆತರುವ ಪೋಷಕರು ವಿರಳ. ಮಗು ಬರುವುದು ಜ್ವರಕ್ಕೆ, ನೆಗಡಿಗೆ, ಇಲ್ಲವೇ ಲಸಿಕೆಗೆ. ಔಷಧದ ಪ್ರಮಾಣ ನಿರ್ಧರಿಸಲು ತೂಕ ನೋಡುತ್ತಾರೆ. ಎತ್ತರ ಅಳೆಯುವುದು ಮರೆತುಹೋಗುತ್ತದೆ. ಅವಕಾಶ ಕೈತಪ್ಪುವುದು ಇಲ್ಲಿಯೇ.

ಅಳತೆ ಹೇಗೆ?

ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ದೊರೆಯುತ್ತದೆ. ಉದಾಹರಣೆಗೆ, 9 ವರ್ಷದ ಬಾಲಕನ ಎತ್ತರ 135 ಸೆಂ.ಮೀ., ತೂಕ 40 ಕೆ.ಜಿ. ಇದ್ದರೆ ಬಿಎಂಐ ಸುಮಾರು 22. ವಯಸ್ಕರಲ್ಲಿ ಇದು ಸಹಜ ಅಂಕಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಆ ವಯಸ್ಸಿನ ಬಾಲಕರಲ್ಲಿ 20.5 ದಾಟಿದರೆ ಬೊಜ್ಜು. ಆದ್ದರಿಂದಲೇ ಮಕ್ಕಳ ಬಿಎಂಐಯನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆ ನಕ್ಷೆಯೊಂದಿಗೆ ಹೋಲಿಸಬೇಕು. 5ರಿಂದ 18 ವರ್ಷದವರಿಗಾಗಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ರೂಪಿಸಿದ ನಕ್ಷೆಗಳೂ ಇವೆ.

ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ತೂಕದ ಯಂತ್ರ, ಗೋಡೆಗೆ ಅಂಟಿಸಿದ ಅಳತೆಪಟ್ಟಿ, ಒಂದು ನಕ್ಷೆ ಇದ್ದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್ ಅಥವಾ ಕುಟುಂಬ ವೈದ್ಯರ ಕೊಠಡಿಯಲ್ಲೇ ಇದು ಸಾಧ್ಯ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಂತೆ 5-6ನೇ ವಯಸ್ಸಿನಲ್ಲಿ ಡಿಪಿಟಿ, 10 ಮತ್ತು 16ರಲ್ಲಿ ಟಿಡಿ ಲಸಿಕೆ ನೀಡುವ ಸಂದರ್ಭಗಳು ಇಂತಹ ತಪಾಸಣೆಗೆ ಪ್ರಶಸ್ತ.

ಇಳಿಸುವುದಲ್ಲ, ತಡೆಯುವುದು

ಮಗು ದಪ್ಪಗಿದೆ ಎಂದ ಕೂಡಲೇ ಊಟ ಕಡಿತಗೊಳಿಸುವುದು ತಪ್ಪು. ಬೆಳೆಯುವ ಮಗುವಿನಲ್ಲಿ ಹಲವು ಬಾರಿ ತೂಕ ಏರದಂತೆ ನೋಡಿಕೊಂಡರೆ ಸಾಕು. ಮೇಲಿನ ಬಾಲಕ ಒಂದು ವರ್ಷದಲ್ಲಿ ಐದೂವರೆ ಸೆಂ.ಮೀ. ಬೆಳೆದು, ತೂಕ 40 ಕೆ.ಜಿ.ಯಲ್ಲೇ ನಿಂತರೆ ಬಿಎಂಐ ಸುಮಾರು 20.3ಕ್ಕೆ ಇಳಿಯುತ್ತದೆ, 10ನೇ ವಯಸ್ಸಿನ ಬೊಜ್ಜಿನ ಗೆರೆಯಾದ 21.4ಕ್ಕಿಂತ ಕೆಳಗೆ ಬರುತ್ತಾನೆ. ಅಂದರೆ ಒಂದು ಕಿಲೋ ಕೂಡ ಕಳೆದುಕೊಳ್ಳದೆ ಆತ ಬೊಜ್ಜಿನಿಂದ ಹೊರಬರಬಲ್ಲ. ತೀವ್ರ ಬೊಜ್ಜು ಇರುವ ಹದಿಹರೆಯದವರಿಗೆ ಮಾತ್ರ ವೈದ್ಯರ ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ತೂಕ ಇಳಿಸುವ ಅಗತ್ಯ ಬೀಳಬಹುದು.

ಮನೆಮಂದಿಗೆಲ್ಲ ಒಂದೇ ನಿಯಮ

ಬದಲಾವಣೆ ಮಗುವಿಗೆ ಮಾತ್ರ ಸೀಮಿತವಾದರೆ ಅದು ಶಿಕ್ಷೆಯಾಗುತ್ತದೆ. ಅಪ್ಪ ಬೇಕರಿಯಿಂದ ಪಫ್ಸ್ ತಂದು ತಿನ್ನುತ್ತಾ ಮಗನಿಗೆ ಸೌತೆಕಾಯಿ ಕೊಟ್ಟರೆ ಫಲವಿಲ್ಲ. ಮೊದಲು ಕೈಬಿಡಬೇಕಾದದ್ದು ಸಿಹಿ ಪಾನೀಯ. 250 ಮಿ.ಲೀ. ಸಾಮಾನ್ಯ ಕೋಲಾದಲ್ಲಿ ಸುಮಾರು 25 ಗ್ರಾಂ, ಅಂದರೆ ಐದಾರು ಟೀ ಚಮಚ ಸಕ್ಕರೆ ಇರುತ್ತದೆ. ಬಾಟಲಿ ಜ್ಯೂಸ್, ಸಕ್ಕರೆ ಬೆರೆತ ಮಾಲ್ಟ್ ಪುಡಿಗಳ ಬಗ್ಗೆಯೂ ಎಚ್ಚರ ಬೇಕು. ಟಿವಿ, ಮೊಬೈಲ್ ಮುಂದೆ ಊಟ ಬೇಡ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರಿಳಿಯುವ ಆಟ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಲ್ಲವನ್ನೂ ಒಮ್ಮೆಗೇ ಹೇರದೆ, ಪ್ರತಿ ಭೇಟಿಯಲ್ಲಿ ಒಂದೆರಡು ಬದಲಾವಣೆಗಳನ್ನಷ್ಟೇ ನಿಗದಿಪಡಿಸುವುದು ಸೂಕ್ತ.

ತಜ್ಞರ ಬಳಿಗೆ ಯಾವಾಗ?

ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುವುದನ್ನು ಕೊಳೆ ಎಂದು ಭಾವಿಸಿ ಉಜ್ಜುವವರಿದ್ದಾರೆ. ಅದು ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆಯಿರಬಹುದು. ನಿದ್ರೆಯಲ್ಲಿ ಜೋರು ಗೊರಕೆ, ಉಸಿರು ಕಟ್ಟುವುದು, ಸೊಂಟ ಅಥವಾ ಮಂಡಿ ನೋವಿನಿಂದ ಕುಂಟುವುದು, ಅಧಿಕ ರಕ್ತದೊತ್ತಡ, ದೃಷ್ಟಿ ಮಂಜಾಗುವುದರೊಂದಿಗೆ ತಲೆನೋವು ಕಂಡುಬಂದರೆ ವಿಳಂಬ ಸಲ್ಲದು. ಅತಿಯಾಗಿ ತಿನ್ನುವುದರಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರವಾಗಿರುತ್ತಾರೆ. ದಪ್ಪಗಿದ್ದೂ ಕುಳ್ಳಗಿದ್ದರೆ ಹಾರ್ಮೋನ್ ತೊಂದರೆಯ ಶಂಕೆ ಮೂಡುತ್ತದೆ. ಇಂತಹವರನ್ನು ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರಿಗೆ ತೋರಿಸಬೇಕು.

ದುರ್ಬಲ ಕೊಂಡಿ

ಒಂದು ಬಾರಿಯ ಉಪದೇಶದಿಂದ ಬೊಜ್ಜು ಕರಗದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2023ರ ಮಾರ್ಗಸೂಚಿಯಲ್ಲಿ 3ರಿಂದ 12 ತಿಂಗಳ ಅವಧಿಯಲ್ಲಿ ಕನಿಷ್ಠ 26 ಗಂಟೆಗಳ ಮುಖಾಮುಖಿ ಸಮಾಲೋಚನೆಯನ್ನು ಸೂಚಿಸಿದೆ. ರೋಗಿಗಳು ಸಾಲುಗಟ್ಟಿರುವ ನಮ್ಮ ಕೇಂದ್ರಗಳಲ್ಲಿ ವೈದ್ಯರೊಬ್ಬರಿಂದಲೇ ಇದು ಅಸಾಧ್ಯ. ಆದರೆ ತಿಂಗಳಿಗೊಮ್ಮೆ ಶುಶ್ರೂಷಕಿಯರು ಅಳತೆ ತೆಗೆದು ಹತ್ತು ನಿಮಿಷ ಮಾತನಾಡಿಸುವುದು ಅಸಾಧ್ಯವೇನಲ್ಲ.

ಆ ಮಾತಿನಲ್ಲಿ ಹಂಗಣೆಯಿರಬಾರದು. ಅವಮಾನಕ್ಕೊಳಗಾದ ಮಗು ಕದ್ದು ತಿನ್ನಲು ಕಲಿಯುತ್ತದೆ, ಆಟದ ಮೈದಾನದಿಂದ ದೂರ ಸರಿಯುತ್ತದೆ. ಪೋಷಕರು ಮುಂದಿನ ಬಾರಿ ಜ್ವರಕ್ಕೆಂದು ಮಗುವನ್ನು ಕ್ಲಿನಿಕ್‌ಗೆ ಕರೆದೊಯ್ದಾಗ ಎತ್ತರವನ್ನೂ ಅಳೆಯುವಂತೆ ಕೇಳಲಿ. ಅದಕ್ಕೆ ತಗಲುವುದು ಒಂದು ನಿಮಿಷವಷ್ಟೇ.