ಕಾರಿನ ರಿಮೋಟ್ ಕೀಲಿಕೈ

ಕಾರಿನ ರಿಮೋಟ್ ಕೀಲಿಕೈ ಎಂಬುದು ಕಾರಿನ ಬಾಗಿಲುಗಳ ಬೀಗವನ್ನು ದೂರದಿಂದಲೇ ತೆರೆಯಲು ಮತ್ತು ಹಾಕಲು, ಹಾಗೂ ಎಂಜಿನ್ ಚಾಲನೆಗೆ ಅನುಮತಿ ಪಡೆಯಲು ಬಳಸುವ ಚಿಕ್ಕ ವಿದ್ಯುನ್ಮಾನ ಸಾಧನ. ಆಡುಮಾತಿನಲ್ಲಿ ಇದನ್ನು ‘ರಿಮೋಟ್ ಕೀ’ ಎನ್ನುತ್ತಾರೆ. ಇದು ಕಳೆದುಹೋದಾಗ ಹೊಸದನ್ನು ಮಾಡಿಸುವ ಕೆಲಸದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಲೋಹದ ಅಲಗನ್ನು ಬೀಗಕ್ಕೆ ಹೊಂದುವಂತೆ ಕತ್ತರಿಸುವುದು. ಎರಡನೆಯದು ಹೊಸ ಕೀಲಿಕೈಯ ಚಿಪ್ಪನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸುವುದು. ಈ ಎರಡನೆಯ ಕ್ರಿಯೆಗೆ ‘ಪ್ರೋಗ್ರಾಮಿಂಗ್’ ಎಂದು ಹೆಸರು. ತಗಲುವ ವೆಚ್ಚವು ಕಾರಿನ ಮಾದರಿಯನ್ನು ಅವಲಂಬಿಸಿರುವಂತೆಯೇ, ಮಾಲೀಕರ ಬಳಿ ಕೆಲಸ ಮಾಡುವ ಇನ್ನೊಂದು ಕೀಲಿಕೈ ಉಳಿದಿದೆಯೇ ಎಂಬುದನ್ನೂ ಅವಲಂಬಿಸಿದೆ.

ಹೆಸರು

ಕನ್ನಡದಲ್ಲಿ ‘ಬೀಗದ ಕೈ’ ಮತ್ತು ‘ಕೀಲಿಕೈ’ ಎಂಬ ಎರಡೂ ಪದಗಳು ಬಳಕೆಯಲ್ಲಿವೆ. ಕೊಂಕಣಿ ಮತ್ತು ಮರಾಠಿ ಭಾಷೆಗಳ ‘ಚಾವಿ’ ಎಂಬ ಪದ ಪೋರ್ಚುಗೀಸ್ ಮೂಲದ್ದು. ಮಂಗಳೂರಿನ ಅಂಗಡಿಗಳಲ್ಲಿ ಮತ್ತು ಗ್ಯಾರೇಜುಗಳಲ್ಲಿ ‘ಕೀ’, ‘ರಿಮೋಟ್ ಕೀ’, ‘ಚಿಪ್ ಕೀ’, ‘ಸ್ಮಾರ್ಟ್ ಕೀ’ ಎಂಬ ಪದಗಳೇ ಕೇಳಿಬರುತ್ತವೆ.

ಇತಿಹಾಸ

ಕಾರಿನ ಬೀಗವನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆ 1982ರಲ್ಲಿ ಫ್ರಾನ್ಸಿನ ರೆನೋ ಸಂಸ್ಥೆಯ ಫ್ಯುಯೆಗೋ ಕಾರಿನಲ್ಲಿ ಬಂದಿತು. ಇದರ ಹಿಂದೆ ಪಾಲ್ ಲಿಪ್‌ಶುಟ್ಜ್ ಎಂಬ ತಂತ್ರಜ್ಞರ ಶ್ರಮವಿತ್ತು. 1990ರ ದಶಕದಲ್ಲಿ ಕಾರುಗಳ್ಳತನವನ್ನು ತಡೆಯಲು ‘ಇಮೊಬಿಲೈಸರ್’ ಎಂಬ ವ್ಯವಸ್ಥೆ ವ್ಯಾಪಕವಾಯಿತು. ಸರಿಯಾದ ಚಿಪ್ ಇಲ್ಲದ ಕೀಲಿಕೈಯನ್ನು ತಿರುಗಿಸಿದರೂ ಎಂಜಿನ್ ಚಾಲನೆಗೊಳ್ಳದಂತೆ ಇದು ತಡೆಯುತ್ತದೆ. ಬ್ರಿಟನ್ 1998ರ ಅಕ್ಟೋಬರಿನಿಂದ ಹಾಗೂ ಕೆನಡಾ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯಗೊಳಿಸಿದವು. ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಗುಂಡಿ ಒತ್ತಿಯೇ ಚಾಲನೆ ಮಾಡುವ ವಿಧಾನವನ್ನು ಮರ್ಸಿಡಿಸ್-ಬೆಂಜ್ 1998ರ ಸುಮಾರಿಗೆ ತನ್ನ ಎಸ್-ಕ್ಲಾಸ್ ಕಾರಿನಲ್ಲಿ ತಂದಿತು. ಭಾರತದಲ್ಲಿ ಮಾರುತಿ ಸುಜುಕಿ ತನ್ನ ಇಮೊಬಿಲೈಸರ್ ವ್ಯವಸ್ಥೆಯನ್ನು ‘ಐ-ಕ್ಯಾಟ್ಸ್’ ಎಂದು ಕರೆಯುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಸಾಮಾನ್ಯ ರಿಮೋಟ್ ಕೀಲಿಕೈ ಹೊರನೋಟಕ್ಕೆ ಒಂದೇ ವಸ್ತುವಾಗಿ ಕಂಡರೂ ಅದರಲ್ಲಿ ಮೂರು ಪ್ರತ್ಯೇಕ ಸಾಧನಗಳು ಸೇರಿವೆ.

1. ಅಲಗು: ಇದು ಬಾಗಿಲಿನ ಮತ್ತು ಇಗ್ನಿಷನ್ನಿನ ಬೀಗವನ್ನು ತಿರುಗಿಸುವ ಲೋಹದ ಭಾಗ. ಸ್ಮಾರ್ಟ್ ಕೀಲಿಕೈಯಲ್ಲಿ ಇದು ಕವಚದೊಳಗೆ ಅಡಗಿರುತ್ತದೆ.

2. ಟ್ರಾನ್ಸ್‌ಪಾಂಡರ್ ಚಿಪ್: ಇದು ಇಮೊಬಿಲೈಸರಿಗೆ ಉತ್ತರ ಕೊಡುವ ಭಾಗ. ಇದಕ್ಕೆ ಬ್ಯಾಟರಿ ಬೇಕಾಗಿಲ್ಲ. ಇಗ್ನಿಷನ್ ಬೀಗದ ಸುತ್ತಲಿರುವ ತಂತಿಯ ಸುರುಳಿಯು ಸುಮಾರು 125ರಿಂದ 134 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ. ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಚಿಪ್ ತನ್ನ ಗುರುತನ್ನು ತಿಳಿಸುತ್ತದೆ. ಅದು ಕಾರಿನ ಸ್ಮೃತಿಯಲ್ಲಿರುವ ಗುರುತಿಗೆ ಹೊಂದಿದರೆ ಮಾತ್ರ ಎಂಜಿನ್ ಚಾಲನೆಗೊಳ್ಳುತ್ತದೆ.

3. ರೇಡಿಯೋ ಪ್ರೇಷಕ: ಗುಂಡಿ ಒತ್ತಿದಾಗ ಬಾಗಿಲಿನ ಬೀಗಕ್ಕೆ ಸಂಕೇತ ಕಳುಹಿಸುವ ಭಾಗ. ಇದಕ್ಕೆ ಬ್ಯಾಟರಿ ಬೇಕು. ಭಾರತದಲ್ಲಿ ಹಾಗೂ ಯುರೋಪಿನಲ್ಲಿ ಇದು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ಆವರ್ತನದಲ್ಲಿ, ಅಮೆರಿಕದಲ್ಲಿ 315 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ವಿದೇಶದಿಂದ ತರಿಸಿದ ರಿಮೋಟ್ ನೋಟಕ್ಕೆ ಒಂದೇ ರೀತಿ ಇದ್ದರೂ ಇಲ್ಲಿನ ಕಾರಿಗೆ ಹೊಂದದಿರಲು ಈ ವ್ಯತ್ಯಾಸವೂ ಒಂದು ಕಾರಣ.

ರಿಮೋಟ್ ಪ್ರತಿ ಸಲವೂ ಒಂದೇ ಸಂಕೇತವನ್ನು ಕಳುಹಿಸಿದರೆ, ಅದನ್ನು ಮರೆಯಲ್ಲಿ ಗ್ರಹಿಸಿಕೊಂಡ ಕಳ್ಳನು ಅದನ್ನೇ ಮತ್ತೆ ಪ್ರಸಾರ ಮಾಡಿ ಬಾಗಿಲು ತೆರೆಯಬಹುದು. ಇದನ್ನು ತಪ್ಪಿಸಲು ಗುಂಡಿ ಒತ್ತಿದಾಗಲೆಲ್ಲ ಸಂಕೇತ ಬದಲಾಗುವ ವಿಧಾನವನ್ನು ಅಳವಡಿಸಲಾಗಿದೆ. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಕೀಲಾಕ್’ ಈ ಬಗೆಯ ಪ್ರಸಿದ್ಧ ವಿಧಾನ. ಆದರೆ ಯಾವ ವ್ಯವಸ್ಥೆಯೂ ಸಂಪೂರ್ಣ ಅಭೇದ್ಯವಲ್ಲ. 40 ಬಿಟ್ ಗುಪ್ತಸಂಖ್ಯೆಯನ್ನು ಬಳಸುತ್ತಿದ್ದ ಒಂದು ಟ್ರಾನ್ಸ್‌ಪಾಂಡರನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು 2005ರಲ್ಲಿ ಭೇದಿಸಿ ತೋರಿಸಿದರು. ಅನಂತರದ ವರ್ಷಗಳಲ್ಲಿ ಕೀಲಾಕ್‌ನ ದೌರ್ಬಲ್ಯಗಳೂ ಬೆಳಕಿಗೆ ಬಂದವು.

ದೋಷವನ್ನು ಗುರುತಿಸುವುದು

ಮೂರು ಭಾಗಗಳಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ತಿಳಿಯದೆ ಇಡೀ ಕೀಲಿಕೈಯನ್ನು ಬದಲಾಯಿಸುವುದು ಅನವಶ್ಯಕ ಖರ್ಚಿಗೆ ದಾರಿ. ಗುಂಡಿ ಒತ್ತಿದರೆ ಬಾಗಿಲು ತೆರೆಯುವುದಿಲ್ಲ, ಆದರೆ ಕೀಲಿಕೈ ತಿರುಗಿಸಿದರೆ ಎಂಜಿನ್ ಚಾಲನೆಗೊಳ್ಳುತ್ತದೆ ಎಂದಾದರೆ ಚಿಪ್ ಸರಿಯಿದೆಯೆಂದು ಅರ್ಥ. ಬ್ಯಾಟರಿ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಅನೇಕ ಕೀಲಿಕೈಗಳಲ್ಲಿ ‘ಸಿಆರ್ 2032’ ಎಂಬ 3 ವೋಲ್ಟಿನ ನಾಣ್ಯಾಕಾರದ ಬ್ಯಾಟರಿ ಇರುತ್ತದೆ. ಈ ಸಂಖ್ಯೆಯ ಮೊದಲ ಎರಡು ಅಂಕಿಗಳು 20 ಮಿಲಿಮೀಟರ್ ವ್ಯಾಸವನ್ನೂ, ಕೊನೆಯ ಎರಡು ಅಂಕಿಗಳು 3.2 ಮಿಲಿಮೀಟರ್ ದಪ್ಪವನ್ನೂ ಸೂಚಿಸುತ್ತವೆ. ಆದ್ದರಿಂದ ಹಳೆಯ ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ನೋಡಿಯೇ ಹೊಸದನ್ನು ಕೊಳ್ಳಬೇಕು.

ಕವಚ ಒಡೆದಿದ್ದರೆ ಅಥವಾ ಗುಂಡಿಯ ರಬ್ಬರ್ ಹರಿದಿದ್ದರೆ, ಒಳಗಿನ ಫಲಕವನ್ನೂ ಚಿಪ್ಪನ್ನೂ ಹೊಸ ಕವಚಕ್ಕೆ ವರ್ಗಾಯಿಸಿದರೆ ಸಾಕು. ಹೀಗೆ ಮಾಡುವಾಗ ಹಳೆಯ ಕವಚದ ಮೂಲೆಯಲ್ಲಿ ಅಂಟಿಕೊಂಡಿರುವ ಸಣ್ಣ ಚಿಪ್ಪನ್ನು ಮರೆತು ಎಸೆದುಬಿಡುವುದುಂಟು. ಆಗ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಚಾಲನೆಗೊಳ್ಳುವುದಿಲ್ಲ. ಕೀಲಿಕೈ ತಿರುಗಿಸಿದಾಗ ಕಾರಿನ ಮುಂಫಲಕದಲ್ಲಿ ಕೀಲಿಕೈಯ ಅಥವಾ ಬೀಗದ ಚಿಹ್ನೆ ಮಿನುಗುತ್ತಿದ್ದರೆ ಅದು ಚಿಪ್ಪನ್ನು ಗುರುತಿಸಲಾಗದಿರುವ ಸೂಚನೆ.

ಹೊಸ ಕೀಲಿಕೈ ಮಾಡಿಸುವ ವಿಧಾನ

ಕೀಲಿಕೈ ಕೇಳುವವರು ಕಾರಿನ ಮಾಲೀಕರೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಮೊದಲ ಹಂತ. ಇದಕ್ಕಾಗಿ ನೋಂದಣಿ ಪ್ರಮಾಣಪತ್ರ (ಆರ್‌ಸಿ) ಮತ್ತು ಭಾವಚಿತ್ರವಿರುವ ಗುರುತಿನ ಚೀಟಿಯನ್ನು ತೋರಿಸಬೇಕಾಗುತ್ತದೆ. ಹಲವು ಅಧಿಕೃತ ಸೇವಾ ಕೇಂದ್ರಗಳು ಪೊಲೀಸರಿಂದ ಪಡೆದ ‘ಕಳೆದುಹೋದ ವಸ್ತುವಿನ ವರದಿ’ಯನ್ನೂ ಕೇಳುತ್ತವೆ. ದಾಖಲೆಗಳನ್ನು ಕೇಳದೆಯೇ ಕೀಲಿಕೈ ಮಾಡಿಕೊಡುವವರು ಬೇರೆ ಯಾರಿಗೂ ಹಾಗೆಯೇ ಮಾಡಿಕೊಡಬಲ್ಲರು. ಆದ್ದರಿಂದ ಅಂಥವರನ್ನು ದೂರವಿಡುವುದು ಕ್ಷೇಮ.

ಎರಡನೆಯ ಹಂತ ಅಲಗನ್ನು ಕತ್ತರಿಸುವುದು. ಉಳಿದಿರುವ ಕೀಲಿಕೈಯ ಮಾದರಿಯಿಂದ, ಹೊಸ ಕಾರಿನೊಂದಿಗೆ ಬರುವ ಚಿಕ್ಕ ಬಿಲ್ಲೆಯ ಮೇಲಿನ ಕೀಲಿಕೈ ಸಂಖ್ಯೆಯಿಂದ, ಅಥವಾ ಬೀಗವನ್ನೇ ಬಿಚ್ಚಿ ಅಳತೆ ತೆಗೆದು ಇದನ್ನು ಮಾಡುತ್ತಾರೆ.

ಮೂರನೆಯ ಹಂತ ಪ್ರೋಗ್ರಾಮಿಂಗ್. ಸ್ಟಿಯರಿಂಗ್ ಚಕ್ರದ ಕೆಳಭಾಗದಲ್ಲಿರುವ 16 ಕಡ್ಡಿಗಳ ‘ಒಬಿಡಿ’ ಜೋಡಣೆಗೆ ಉಪಕರಣವನ್ನು ಸಿಕ್ಕಿಸಿ, ತಯಾರಕರ ಭದ್ರತಾ ಸಂಖ್ಯೆಯನ್ನು ನಮೂದಿಸಿ, ಹೊಸ ಚಿಪ್ಪನ್ನು ಕಾರಿನ ಸ್ಮೃತಿಗೆ ಸೇರಿಸಲಾಗುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಇಗ್ನಿಷನ್ನನ್ನು ನಿಗದಿತ ಕ್ರಮದಲ್ಲಿ ತಿರುಗಿಸಿ ಮಾಲೀಕರೇ ರಿಮೋಟ್ ಭಾಗವನ್ನು ಹೊಂದಿಸಿಕೊಳ್ಳಬಹುದು. ಆ ಕ್ರಮ ಕಾರಿನ ಕೈಪಿಡಿಯಲ್ಲಿರುತ್ತದೆ. ಆದರೆ ರಿಮೋಟ್ ಹೊಂದಿಕೊಂಡ ಮಾತ್ರಕ್ಕೆ ಇಮೊಬಿಲೈಸರ್ ಹೊಂದಿಕೊಂಡಿತು ಎಂದಲ್ಲ.

ಅನೇಕ ಕಾರುಗಳಲ್ಲಿ ಹೊಸ ಕೀಲಿಕೈ ಸೇರಿಸುವಾಗ ಹಳೆಯವೆಲ್ಲ ಸ್ಮೃತಿಯಿಂದ ಅಳಿಸಿಹೋಗುತ್ತವೆ. ಆದ್ದರಿಂದ ಮನೆಯಲ್ಲಿರುವ ಎಲ್ಲ ಕೀಲಿಕೈಗಳನ್ನೂ ಒಯ್ಯಬೇಕು. ಹಾಗೆ ಅಳಿಸಿಹೋಗದ ಮಾದರಿಗಳಲ್ಲಿ, ಕಳೆದುಹೋದ ಕೀಲಿಕೈಯನ್ನು ಅಳಿಸುವಂತೆ ಮಾಲೀಕರೇ ಕೇಳಿಕೊಳ್ಳಬೇಕು. ಅಳಿಸದಿದ್ದರೆ, ಅದು ಸಿಕ್ಕಿದವರು ಕಾರನ್ನು ಚಾಲನೆ ಮಾಡಬಹುದು. ಅಳಿಸಿದ ಮೇಲೂ ಅದರ ಅಲಗು ಬಾಗಿಲನ್ನು ತೆರೆಯಬಲ್ಲದು. ಮನೆಯ ವಿಳಾಸವಿರುವ ಚೀಟಿಯೊಂದಿಗೆ ಕೀಲಿಕೈ ಕಳೆದಿದ್ದರೆ ಅಥವಾ ಅದು ಕಳವಾಗಿದ್ದರೆ, ಬೀಗಗಳನ್ನೇ ಬದಲಾಯಿಸುವುದು ಸೂಕ್ತ.

ವೆಚ್ಚ

ವೆಚ್ಚವನ್ನು ಮೆಟ್ಟಿಲುಗಳಂತೆ ಭಾವಿಸಬಹುದು. ಬ್ಯಾಟರಿ ಬದಲಾವಣೆ ಎಲ್ಲಕ್ಕಿಂತ ಅಗ್ಗ. ಕವಚದ ಬದಲಾವಣೆ ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಗುಂಡಿಗಳಿಲ್ಲದ ಚಿಪ್ ಕೀಲಿಕೈ ಇದಕ್ಕಿಂತ ದುಬಾರಿ. ರಿಮೋಟ್ ಸಹಿತವಾದದ್ದು ಇನ್ನೂ ದುಬಾರಿ. ಸ್ಮಾರ್ಟ್ ಕೀಲಿಕೈ ಸಾವಿರಗಳ ಲೆಕ್ಕದ್ದು. ಒಂದೂ ಕೀಲಿಕೈ ಉಳಿಯದೆ ಬೀಗಗಳ ಇಡೀ ಜೋಡಿಯನ್ನೂ ಇಮೊಬಿಲೈಸರ್ ಘಟಕವನ್ನೂ ಬದಲಾಯಿಸಬೇಕಾಗಿ ಬಂದರೆ ಅದು ಕೊನೆಯ ಮೆಟ್ಟಿಲು.

ಮಿತವ್ಯಯದ ದೃಷ್ಟಿಯಿಂದ ಎರಡನೆಯ ಕೀಲಿಕೈಗೆ ರಿಮೋಟ್ ಇಲ್ಲದ ಚಿಪ್ ಕೀಲಿಕೈಯನ್ನು ಮಾಡಿಸಿಟ್ಟುಕೊಳ್ಳಬಹುದು. ಅದು ಅಲಗಿನಿಂದ ಬಾಗಿಲು ತೆರೆಯುತ್ತದೆ, ಎಂಜಿನ್ನನ್ನೂ ಚಾಲನೆ ಮಾಡುತ್ತದೆ. ಬಳಸಿದ ಹಳೆಯ ರಿಮೋಟನ್ನು ಅಗ್ಗವೆಂದು ಕೊಳ್ಳುವುದು ಮಾತ್ರ ಯಾವಾಗಲೂ ಲಾಭದಾಯಕವಲ್ಲ. ಒಮ್ಮೆ ಒಂದು ಕಾರಿಗೆ ಹೊಂದಿಸಿದ ಚಿಪ್ಪನ್ನು ಇನ್ನೊಂದಕ್ಕೆ ಹೊಂದಿಸಲು ಅನೇಕ ಮಾದರಿಗಳಲ್ಲಿ ಸಾಧ್ಯವಾಗುವುದಿಲ್ಲ. ಕೆಲಸ ಒಪ್ಪಿಸುವ ಮೊದಲು ಅಲಗು, ಚಿಪ್, ರಿಮೋಟ್, ಪ್ರೋಗ್ರಾಮಿಂಗ್ ಎಲ್ಲವೂ ಹೇಳಿದ ದರದಲ್ಲಿ ಸೇರಿವೆಯೇ ಎಂದು ವಿಚಾರಿಸಿ, ಮುಗಿದ ಮೇಲೆ ರಸೀದಿ ಪಡೆಯಬೇಕು.

ಬಿಡಿಭಾಗಗಳ ಹಕ್ಕು

ಕೀಲಿಕೈ ದುಬಾರಿಯಾಗಲು ಅದರ ತಯಾರಿಕಾ ವೆಚ್ಚವೊಂದೇ ಕಾರಣವಲ್ಲ. ಭದ್ರತಾ ಸಂಖ್ಯೆ ಮತ್ತು ಉಪಕರಣಗಳು ಯಾರ ಕೈಯಲ್ಲಿವೆ ಎಂಬುದೂ ಮುಖ್ಯ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕ ಸಂಸ್ಥೆಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಸ್ವತಂತ್ರ ದುರಸ್ತಿಗಾರರಿಗೆ ದೊರೆಯದಂತೆ ಮಾಡಿದ್ದು ಸ್ಪರ್ಧೆಗೆ ಮಾರಕ ಎಂಬುದು ಆಯೋಗದ ನಿಲುವಾಗಿತ್ತು. ಈ ಆದೇಶದ ವಿರುದ್ಧ ಮೇಲ್ಮನವಿಗಳು ಸಲ್ಲಿಕೆಯಾದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕು’ ಕುರಿತು ಸಮಿತಿಯನ್ನು ರಚಿಸಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳೊಂದಿಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ದರ ಅಥವಾ ಸೇವೆಯ ಬಗೆಗಿನ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಲಭ್ಯವಿದೆ.

ಮಂಗಳೂರಿನಲ್ಲಿ

ಮಂಗಳೂರು ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ಇಲ್ಲಿ ನೋಂದಣಿಯಾದ ವಾಹನಗಳಿಗೆ ‘ಕೆಎ 19’ ಎಂಬ ಸಂಕೇತವಿದೆ. ಪುತ್ತೂರು (ಕೆಎ 21), ಬಂಟ್ವಾಳ (ಕೆಎ 70) ಮತ್ತು ತಲಪಾಡಿಯ ಗಡಿಯಾಚೆಯ ಕಾಸರಗೋಡಿನ (ಕೆಎಲ್ 14) ವಾಹನಗಳೂ ಇಲ್ಲಿನ ರಸ್ತೆಗಳಲ್ಲಿ ನಿತ್ಯ ಸಂಚರಿಸುತ್ತವೆ. ಕಾರು ಯಾವ ರಾಜ್ಯದಲ್ಲಿ ನೋಂದಣಿಯಾಗಿದ್ದರೂ ಮಾಲೀಕತ್ವದ ದಾಖಲೆ ಸರಿಯಿದ್ದರೆ ಕೀಲಿಕೈ ಮಾಡಿಸಲು ತೊಡಕಿಲ್ಲ. ಈ ಕೆಲಸಕ್ಕೆ ಎರಡು ಮಾರ್ಗಗಳಿವೆ: ತಯಾರಕರ ಅಧಿಕೃತ ಸೇವಾ ಕೇಂದ್ರಗಳು ಮತ್ತು ಸ್ವತಂತ್ರ ಕೀಲಿಕೈ ತಯಾರಕರು. ಮೊದಲನೆಯದರಲ್ಲಿ ಮೂಲ ಬಿಡಿಭಾಗ ಮತ್ತು ರಸೀದಿ ದೊರೆಯುತ್ತವೆ, ಆದರೆ ಭಾಗವನ್ನು ತರಿಸಲು ದಿನಗಳು ಹಿಡಿಯಬಹುದು. ಸ್ವತಂತ್ರ ತಯಾರಕರು ಕಾರು ನಿಂತಲ್ಲಿಗೇ ಬಂದು ಕೆಲಸ ಮಾಡಿಕೊಡುವುದುಂಟು, ದರವೂ ಸಾಮಾನ್ಯವಾಗಿ ಕಡಿಮೆ. ಆದರೆ ಅವರ ನಂಬಿಕಾರ್ಹತೆಯನ್ನು ವಿಚಾರಿಸಿ ತಿಳಿಯಬೇಕು.

ಕರಾವಳಿಯ ಹವಾಮಾನವೂ ಕೀಲಿಕೈಯ ಆಯುಷ್ಯದ ಮೇಲೆ ಪ್ರಭಾವ ಬೀರುತ್ತದೆ. ಇಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಒದ್ದೆ ಜೇಬಿನಲ್ಲಿ ಉಳಿದ ರಿಮೋಟಿನೊಳಗೆ ತೇವ ಸೇರಿ ಸಂಪರ್ಕ ಬಿಂದುಗಳು ಕಿಲುಬು ಹಿಡಿಯುತ್ತವೆ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರದಂತಹ ಕಡಲತೀರಗಳಲ್ಲಿ ನೀರಿಗಿಳಿಯುವಾಗ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡರೆ ಅದು ಅಲೆಗಳಲ್ಲಿ ಕಳೆದುಹೋಗಬಹುದು, ಇಲ್ಲವೇ ಉಪ್ಪುನೀರಿನಿಂದ ಕೆಡಬಹುದು. ಉಪ್ಪುನೀರಿಗೆ ಬಿದ್ದ ರಿಮೋಟಿನ ಬ್ಯಾಟರಿಯನ್ನು ಕೂಡಲೇ ಹೊರತೆಗೆದು, ಫಲಕವನ್ನು ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಬಳಿಕವೇ ಹೊಸ ಬ್ಯಾಟರಿ ಹಾಕಬೇಕು.

ಜಿಲ್ಲೆಯ ಅನೇಕ ಕುಟುಂಬಗಳ ಸದಸ್ಯರು ಕೊಲ್ಲಿ ರಾಷ್ಟ್ರಗಳಲ್ಲಿ ಅಥವಾ ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದಾರೆ. ಊರಿನ ಕಾರಿನ ಎರಡನೆಯ ಕೀಲಿಕೈ ಅವರ ಪೆಟ್ಟಿಗೆಯಲ್ಲಿ ಪರದೇಶಕ್ಕೆ ಹೋದರೆ, ಇಲ್ಲಿರುವುದು ಕಳೆದ ದಿನ ವೃದ್ಧ ತಂದೆತಾಯಿ ತುರ್ತು ಸಮಯದಲ್ಲಿ ಕಾರಿದ್ದೂ ಇಲ್ಲದಂತಾಗುತ್ತಾರೆ.

ಪೊಲೀಸ್ ವರದಿ ಮತ್ತು ವಿಮೆ

ಕೀಲಿಕೈ ಕಳೆದುಹೋದರೆ ಪೊಲೀಸ್ ಠಾಣೆಯಲ್ಲಿ ಅಥವಾ ರಾಜ್ಯ ಪೊಲೀಸರ ಅಂತರಜಾಲ ಸೇವೆಯ ಮೂಲಕ ವರದಿ ನೀಡಬಹುದು. ಅದು ಕಳವಾಗಿದ್ದರೆ ಪ್ರಥಮ ವರ್ತಮಾನ ವರದಿ (ಎಫ್‌ಐಆರ್) ದಾಖಲಿಸಬೇಕು. ಇದು ಕೇವಲ ಔಪಚಾರಿಕ ಕ್ರಮವಲ್ಲ. ಕಾರು ಕಳವಾಗಿ ಪರಿಹಾರ ಕೋರಿದಾಗ ವಿಮಾ ಸಂಸ್ಥೆಗಳು ಸಾಮಾನ್ಯವಾಗಿ ಎರಡೂ ಮೂಲ ಕೀಲಿಕೈಗಳನ್ನು ಒಪ್ಪಿಸಲು ಕೇಳುತ್ತವೆ. ಒಂದನ್ನು ಮಾತ್ರ ಕೊಡಬಲ್ಲ ಮಾಲೀಕರು ಇನ್ನೊಂದು ಎಲ್ಲಿ ಎಂಬುದಕ್ಕೆ ಉತ್ತರಿಸಬೇಕಾಗುತ್ತದೆ. ಕಳೆದುಹೋದ ದಿನವೇ ಪಡೆದ ವರದಿಯೂ ಹೊಸ ಕೀಲಿಕೈಯ ರಸೀದಿಯೂ ಇಲ್ಲದಿದ್ದರೆ ಪರಿಹಾರಕ್ಕೆ ಅಡ್ಡಿಯಾಗಬಹುದು. ಹೆಚ್ಚುವರಿ ಕಂತು ಪಾವತಿಸಿದರೆ ಕೀಲಿಕೈ ಬದಲಾವಣೆಯ ವೆಚ್ಚವನ್ನು ಭರಿಸುವ ಐಚ್ಛಿಕ ರಕ್ಷಣೆಯೂ ವಿಮಾ ಪಾಲಿಸಿಗಳಲ್ಲಿ ದೊರೆಯುತ್ತದೆ.

ಮುನ್ನೆಚ್ಚರಿಕೆಗಳು

- ಎರಡರಲ್ಲಿ ಒಂದು ಕಳೆದ ಕೂಡಲೇ, ಉಳಿದದ್ದು ಕೈಯಲ್ಲಿರುವಾಗಲೇ ಹೊಸದನ್ನು ಮಾಡಿಸಬೇಕು. ಕೊನೆಯ ಕೀಲಿಕೈಯೂ ಕಳೆದ ಮೇಲೆ ವೆಚ್ಚ ಹೆಚ್ಚುತ್ತದೆ. ಕಾರನ್ನು ಎಳೆದೊಯ್ಯುವ ಖರ್ಚೂ ಸೇರಬಹುದು.
- ಕೀಲಿಕೈ ಸಂಖ್ಯೆಯ ಬಿಲ್ಲೆ ಮತ್ತು ಭದ್ರತಾ ಸಂಖ್ಯೆಯ ಚೀಟಿಯನ್ನು ಕಾರಿನಲ್ಲಿ ಇಡದೆ ಮನೆಯಲ್ಲಿ ಜೋಪಾನವಾಗಿಡಬೇಕು.
- ಬಳಸಿದ ಕಾರನ್ನು ಕೊಳ್ಳುವಾಗ ಎರಡೂ ಕೀಲಿಕೈಗಳನ್ನು ಕೇಳಿ ಪಡೆಯಬೇಕು. ಒಂದೇ ಇದ್ದರೆ ಅದಕ್ಕೆ ತಕ್ಕಂತೆ ಬೆಲೆ ಇಳಿಸಿ, ಹಳೆಯ ಗುರುತುಗಳನ್ನು ಅಳಿಸಿ ಹೊಸದನ್ನು ಮಾಡಿಸುವುದು ಉಚಿತ.
- ಸ್ಮಾರ್ಟ್ ಕೀಲಿಕೈಯ ಬ್ಯಾಟರಿ ಮುಗಿದರೆ ಒಳಗಿನ ಅಲಗಿನಿಂದ ಬಾಗಿಲು ತೆರೆದು, ಕೈಪಿಡಿ ಸೂಚಿಸುವ ಜಾಗದಲ್ಲಿ, ಹೆಚ್ಚಿನ ಕಾರುಗಳಲ್ಲಿ ಚಾಲನೆಯ ಗುಂಡಿಯ ಬಳಿ, ಕೀಲಿಕೈಯನ್ನು ಹಿಡಿದು ಎಂಜಿನ್ ಚಾಲನೆ ಮಾಡಬಹುದು.
- ಹೊಸ ಕೀಲಿಕೈಯನ್ನು ಪಡೆಯುವ ಮೊದಲು ಅಂಗಡಿಯಲ್ಲಿಯೇ ಬಾಗಿಲು, ರಿಮೋಟ್ ಮತ್ತು ಎಂಜಿನ್ ಮೂರನ್ನೂ ಪರೀಕ್ಷಿಸಬೇಕು. ಎಂಜಿನ್ ಚಾಲನೆಗೊಂಡ ಕೆಲವೇ ಕ್ಷಣಗಳಲ್ಲಿ ನಿಂತುಹೋದರೆ ಇಮೊಬಿಲೈಸರ್ ಚಿಪ್ಪನ್ನು ಒಪ್ಪಿಕೊಂಡಿಲ್ಲದಿರಬಹುದು.