ಗುಂಡಿ ಯಾರ ಕೈಯಲ್ಲಿದೆ?

ಯುದ್ಧದ ಸಿನಿಮಾ ಎಂದೊಡನೆ ಕಣ್ಣಮುಂದೆ ಬರುವುದು ಟ್ಯಾಂಕುಗಳ ಸಾಲು, ಫಿರಂಗಿಗಳ ಮೊರೆತ, ಒಬ್ಬನೇ ನಾಯಕ ಹತ್ತಾರು ಶತ್ರುಗಳನ್ನು ಉರುಳಿಸುವ ದೃಶ್ಯ. ಕ್ಯಾಥರಿನ್ ಬಿಗೆಲೊ ನಿರ್ದೇಶಿಸಿದ, 2008ರ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ‘ದಿ ಹರ್ಟ್ ಲಾಕರ್’ನಲ್ಲಿ ಬಹುಪಾಲು ಹೊತ್ತು ಕಾಣುವುದು ಬಿಸಿಲಿನ ಬೀದಿ, ಮೊಣಕಾಲೂರಿ ಮಣ್ಣು ಕೆದಕುವ ಒಬ್ಬ ಮನುಷ್ಯ, ದೂರದಲ್ಲಿ ನಿಂತು ನೋಡುವ ಜನ. ಆದರೂ ಉಸಿರು ಬಿಗಿಹಿಡಿದೇ ಚಿತ್ರ ನೋಡಬೇಕಾಗುತ್ತದೆ. ಇದು ಹೇಗೆ ಸಾಧ್ಯವಾಯಿತು?

ರೋಚಕ ಚಿತ್ರಗಳ ಗುರು ಆಲ್‌ಫ್ರೆಡ್ ಹಿಚ್‌ಕಾಕ್ ಒಂದು ಸೂತ್ರ ಹೇಳಿದ್ದರು. ಇಬ್ಬರು ಮೇಜಿನ ಮುಂದೆ ಕುಳಿತು ಹರಟುತ್ತಿರುವಾಗ ಅದರಡಿಯ ಬಾಂಬ್ ದಿಢೀರನೆ ಸಿಡಿದರೆ ಪ್ರೇಕ್ಷಕ ಕೆಲವು ಕ್ಷಣ ಬೆಚ್ಚುತ್ತಾನೆ, ಅಷ್ಟೆ. ಬಾಂಬ್ ಇರುವುದನ್ನು ಮೊದಲೇ ತೋರಿಸಿಬಿಟ್ಟರೆ ಅದೇ ಹರಟೆ ಅವನಿಗೆ ಚಿತ್ರಹಿಂಸೆಯಾಗುತ್ತದೆ. ಬಿಗೆಲೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಇಲ್ಲಿ ಬಾಂಬ್ ಇರುವುದು ಎಲ್ಲರಿಗೂ ಗೊತ್ತು; ಅದನ್ನು ಸಿಡಿಸುವ ಗುಂಡಿ ಯಾರ ಕೈಯಲ್ಲಿದೆ ಎಂಬುದು ಗೊತ್ತಿಲ್ಲ.

ಕಥೆ ನಡೆಯುವುದು 2004ರ ಬಾಗ್ದಾದಿನಲ್ಲಿ. ಅಮೆರಿಕ ಸೇನೆಯ ಬಾಂಬ್ ನಿಷ್ಕ್ರಿಯ ದಳದ ಯಂತ್ರಮಾನವ ಎಳೆಯುತ್ತಿದ್ದ ಪುಟ್ಟ ಗಾಡಿಯ ಚಕ್ರ ಕಳಚಿಕೊಳ್ಳುತ್ತದೆ. ಇನ್ನು ಮನುಷ್ಯನೇ ಹೋಗಬೇಕು. ದಪ್ಪ ರಕ್ಷಾಕವಚ ತೊಟ್ಟ ಸಾರ್ಜೆಂಟ್ ಥಾಂಪ್ಸನ್ (ಗೈ ಪಿಯರ್ಸ್) ಹೊರಡುತ್ತಾನೆ. ಅಷ್ಟರಲ್ಲಿ ಮಾಂಸದಂಗಡಿಯ ಬಳಿ ಒಬ್ಬನ ಕೈಯಲ್ಲಿ ಮೊಬೈಲ್ ಕಾಣುತ್ತದೆ. ಸಂಗಡಿಗರು ಕೂಗುತ್ತಾ ಅತ್ತ ಓಡುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಹೆಸರಾಂತ ನಟನೇ ಆರಂಭದಲ್ಲಿ ಹೀಗೆ ಸತ್ತ ಮೇಲೆ, ಮುಂದೆ ಯಾರ ಜೀವದ ಬಗ್ಗೆಯೂ ನಮಗೆ ಖಾತರಿ ಉಳಿಯುವುದಿಲ್ಲ. ಅವನ ಜಾಗಕ್ಕೆ ಬರುವ ವಿಲಿಯಂ ಜೇಮ್ಸ್‌ಗಂತೂ (ಜೆರೆಮಿ ರೆನ್ನರ್) ಅಪಾಯವೇ ಒಂದು ಅಮಲು.

ಚಿತ್ರಕಥೆ ಬರೆದ ಮಾರ್ಕ್ ಬೋಲ್ ಪತ್ರಕರ್ತರು. ಇರಾಕಿನಲ್ಲಿ ಇಂಥದೇ ದಳದೊಂದಿಗೆ ಓಡಾಡಿ ಬಂದವರು. (ನಮ್ಮ ಕಸುಬಿನವರು ಎಂಬ ಸಣ್ಣ ಹೆಮ್ಮೆ ನನಗೂ ಇದೆ.) ಛಾಯಾಗ್ರಾಹಕ ಬ್ಯಾರಿ ಆಕ್ರಾಯ್ಡ್ ಜೋರ್ಡಾನಿನಲ್ಲಿ ಏಕಕಾಲಕ್ಕೆ ಹಲವು ಕ್ಯಾಮೆರಾಗಳಿಂದ ದೃಶ್ಯಗಳನ್ನು ಸೆರೆಹಿಡಿದರು. ಮಾಳಿಗೆಯ ಮೇಲಿಂದ, ಬಾಗಿಲ ಸಂದಿನಿಂದ ಕ್ಯಾಮೆರಾ ಇಣುಕುತ್ತದೆ. ನೋಡುತ್ತಿರುವವರು ನಾವೋ, ಶತ್ರುವೋ ತಿಳಿಯದು. ಶಬ್ದದ ಪಾತ್ರವೂ ದೊಡ್ಡದು. ಶಿರಸ್ತ್ರಾಣದೊಳಗಿನ ಉಸಿರಾಟ ಕೇಳಿದರೇ ಸೆಕೆ ಹತ್ತುತ್ತದೆ. 2010ರಲ್ಲಿ ಚಿತ್ರಕ್ಕೆ ಬಂದ 6 ಆಸ್ಕರ್‌ಗಳಲ್ಲಿ 2 ಶಬ್ದ ವಿಭಾಗದವು. ಶ್ರೇಷ್ಠ ನಿರ್ದೇಶನದ ಆಸ್ಕರ್ ಮಹಿಳೆಯೊಬ್ಬರಿಗೆ ದಕ್ಕಿದ್ದೂ ಅದೇ ಮೊದಲು.

ಒಂದು ದೃಶ್ಯ ಈಗಲೂ ಕಾಡುತ್ತದೆ. ಜೇಮ್ಸ್ ಕವಚ ಕಳಚಿಟ್ಟು ಕಾರಿನೊಳಗಿನ ಬಾಂಬಿನ ತಂತಿ ಹುಡುಕುತ್ತಿದ್ದಾನೆ. ಎದುರಿನ ಕಟ್ಟಡದಿಂದ ಒಬ್ಬ ವಿಡಿಯೋ ಕ್ಯಾಮೆರಾ ಹಿಡಿದು ಎಲ್ಲವನ್ನೂ ಚಿತ್ರೀಕರಿಸುತ್ತಿದ್ದಾನೆ. ಮಿನಾರಿನ ಮೇಲೆ ಮೂವರು ನಿಂತು ನೋಡುತ್ತಿದ್ದಾರೆ. ಅವರು ಸಂಚುಕೋರರೇ, ಬರೀ ಕುತೂಹಲದ ಜನರೇ? ಕೊನೆಗೂ ಉತ್ತರವಿಲ್ಲ. ಕಾವಲಿಗೆ ನಿಂತ ಸ್ಯಾನ್‌ಬಾರ್ನ್‌ನಂತೆ ನಾವೂ ಪ್ರತಿ ಮುಖವನ್ನೂ ಅನುಮಾನಿಸುತ್ತಾ ಹೋಗುತ್ತೇವೆ.

ನನ್ನ ತಕರಾರು ಇರುವುದೂ ಇಲ್ಲೇ. ತಮ್ಮ ಬೀದಿಯಲ್ಲಿ ಏನಾಗುತ್ತಿದೆ ಎಂದು ಕಿಟಕಿಯಿಂದ ನೋಡುವ ಹಕ್ಕು ಆ ಊರಿನವರಿಗೆ ಇಲ್ಲವೇ? ಚಿತ್ರದ ರೋಚಕತೆಗೆ ಬೆಲೆ ತೆತ್ತವರು ಅವರು. ನಮಗೆ ಸೈನಿಕರ ಬೆವರಿನ ಹನಿಯೂ ಪರಿಚಿತ. ಬಾಗ್ದಾದಿನ ಜನರ ಮನೆಯ ಮಾತು ಕೇಳುವುದೇ ಅಪರೂಪ. 2003ರಲ್ಲಿ ಅಮೆರಿಕ ಅಲ್ಲಿಗೆ ಹೋದದ್ದೇಕೆ ಎಂಬ ಪ್ರಶ್ನೆಯ ಗೋಜಿಗೂ ಚಿತ್ರ ಹೋಗುವುದಿಲ್ಲ. ಸೇನೆಯ ಕೆಲಸ ಬಲ್ಲ ಮಾಜಿ ಸೈನಿಕರು ಜೇಮ್ಸ್‌ನ ಮನಬಂದ ವರ್ತನೆ ನಂಬಲರ್ಹವಲ್ಲ ಎಂದು ಆಕ್ಷೇಪಿಸಿದ್ದುಂಟು. ಅದು ನನಗೆ ಸಣ್ಣ ದೋಷವಾಗಿ ಕಂಡಿತು.

ಆದರೆ ಕೊನೆಯ ಭಾಗದಲ್ಲಿ ಒಬ್ಬ ಇರಾಕಿ ಬರುತ್ತಾನೆ. ಮೈಗೆ ಬಾಂಬ್ ಕಟ್ಟಿ, ಕಬ್ಬಿಣದ ಪಟ್ಟಿಗೆ ಬೀಗ ಜಡಿದು ಅವನನ್ನು ನಡುಬೀದಿಗೆ ತಳ್ಳಲಾಗಿದೆ. ಮನೆಯಲ್ಲಿ ಮಕ್ಕಳಿದ್ದಾರೆ, ಬಿಡಿಸಿ ಎಂದು ಅಂಗಲಾಚುತ್ತಾನೆ. ಜೇಮ್ಸ್ ಕತ್ತರಿಯಿಂದ ಬೀಗ ತುಂಡರಿಸಲು ನೋಡುತ್ತಾನೆ. ಬೀಗಗಳು ಹಲವು, ಸಮಯ ಸಾಲದು. ಕ್ಷಮೆ ಕೇಳಿ ಓಡುತ್ತಾನೆ. ಪಾತ್ರವರ್ಗದ ಪಟ್ಟಿಯಲ್ಲೂ ಆ ಇರಾಕಿಗೆ ಹೆಸರಿಲ್ಲ, ಅವನು ‘ಕಪ್ಪು ಸೂಟಿನ ಮನುಷ್ಯ’.